ಹೆಸರು ಕಟ್ಟುವವಳು

ನಮ್ಮೂರಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಬಾಯಿ ತೆರೆದರೆ ಅವರ ಬೆನ್ನಿಗೆ ಇನ್ನೊಬ್ಬರು ನಿಂತಿರಲೇಬೇಕಿತ್ತು. ಹಾಗೆ ನಿಲ್ಲುವ ಕೆಲಸಕ್ಕೆ ಹೆಸರು ಕಟ್ಟುವುದು ಅನ್ನುತ್ತಿದ್ದೆವು. ಮಾತಾಡುವವರು ಹೀ ಅಂದರೆ, ಅವರು ಮುಂದಿನ ಉಸಿರು ಎಳೆದುಕೊಳ್ಳುವುದರೊಳಗೆ, ಪುಟ್ಟಸ್ವಾಮಿ ಅನ್ನಬೇಕು. ಶೀ ಅಂದರೆ ಜಲಜಾಕ್ಷಿ ಅನ್ನಬೇಕು. ದೇ ಅಂದರೆ ಪಂಚಾಯಿತಿ ಮೆಂಬರುಗಳೋ ಬೀದಿನಾಯಿಗಳೋ, ಯಾರ ವಿಷಯವೋ ಅವರನ್ನು ಎತ್ತಿ ಹೇಳಬೇಕು. ನನ್ನ ಹೆಸರು ಕುಮುದಾ. ನಾನು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟರ ಬೆನ್ನಿಗೆ ನಿಲ್ಲುತ್ತಿದ್ದವಳು. ಮೇಷ್ಟರು ಪಾಠದಲ್ಲಿ 'ಹೀ ಕಿಲ್ಡ್ ದ ಟೈಗರ್' ಎಂದು ಓದಿದರೆ ನಾನು ಹಿಂದಿನಿಂದ 'ರಾಜ' ಎಂದು ಕೂಗುತ್ತಿದ್ದೆ. ಇಲ್ಲದಿದ್ದರೆ ಊರಿನಲ್ಲಿ ಯಾವನೋ ಬಡಪಾಯಿ ಊಟದ ತಟ್ಟೆ ಬಿಟ್ಟೆದ್ದು, ಮಚ್ಚು ಹಿಡಿದು ಕಾಡಿನ ಕಡೆ ಹೊರಟುಬಿಡುತ್ತಿದ್ದ.

ಕಟ್ಟದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಬೇಕಾದಷ್ಟು ಸಾಕ್ಷಿಗಳು ಊರಿನಲ್ಲಿ ಓಡಾಡಿಕೊಂಡಿದ್ದವು. ತನಿಖೆಗೆ ಬಂದಿದ್ದ ಸಾಹೇಬರೊಬ್ಬರು ಕಾಫಿ ಕುಡಿಯುತ್ತಾ, ಏನನ್ನೋ ಮರೆತದ್ದಕ್ಕೆ 'ಸ್ಲಿಪ್ಡ್ ಮೈ ಮೈಂಡ್' ಅಂದರು. ಜಾರಿದ್ದು ಏನು ಎಂದು ಹೇಳಲಿಲ್ಲ. ಅದೇ ಹೊತ್ತಿಗೆ ಬೀದಿಯಲ್ಲಿ ಅಂಚೆ ಹಂಚುತ್ತಿದ್ದ ಜಯಣ್ಣನವರ ತಲೆಯಿಂದ ಅವರ ಹೆಂಡತಿಯ ಹೆಸರು ಜಾರಿಹೋಯಿತು. ಆಮೇಲೆ ಅವರು ಆಕೆಯನ್ನು 'ಏನೇ, ಇವಳೇ' ಎಂದೇ ಕರೆಯುತ್ತಿದ್ದರು. ಆಕೆಗೆ ಅದರಿಂದ ಅಂಥ ವ್ಯತ್ಯಾಸವೇನೂ ತಿಳಿಯಲಿಲ್ಲ ಅನ್ನಿ. ಪೇಟೆಬೀದಿಗೆ ಬಂದ ಹೊಸ ಸೊಸೆಯೊಬ್ಬಳು, ಮಾವನವರನ್ನು ಏಕವಚನದಲ್ಲಿ ಹೀ ಅನ್ನುವುದು ಹೇಗೆ ಎಂದು ಸಂಕೋಚಪಟ್ಟುಕೊಂಡು, ಅವರು ಊಟಕ್ಕೆ ಬರುತ್ತಿದ್ದಾರೆ ಅನ್ನುವುದನ್ನು ಮರ್ಯಾದೆಯಾಗಿ 'ದೇ ಆರ್ ಕಮಿಂಗ್ ಫಾರ್ ಲಂಚ್' ಅಂದಳು. ದಾರಿ ತಪ್ಪಿದ ಮದುವೆ ದಿಬ್ಬಣವೊಂದು ಇಡಿಯಾಗಿ ಬಂದು ಅವರ ಪಡಸಾಲೆಯಲ್ಲಿ ಎಲೆ ಹಾಕಿಸಿಕೊಂಡು ಕೂತಿತು.

ಇಂಥದ್ದಕ್ಕೆ ನಾವೂ ನಗುತ್ತಿದ್ದೆವು. ಆದರೆ ಗಾಣಿಗರ ಬೀದಿಯ ಕೊನೆಯಲ್ಲಿ ಬೀಗ ಹಾಕಿದ ಮನೆಯೊಂದಿತ್ತು, ಅದರ ಮುಂದೆ ಹಾದುಹೋಗುವಾಗ ಯಾರೂ ನಗುತ್ತಿರಲಿಲ್ಲ. ಆ ಮನೆಯ ಯಜಮಾನರು ಒಂದು ಮಧ್ಯಾಹ್ನ ಅಂಗಳದಲ್ಲಿ ನಿಂತು ಆಕಾಶ ನೋಡಿ 'ಇಟ್ ಈಸ್ ಕಮಿಂಗ್' ಅಂದರಂತೆ. ಮಳೆಯ ವಿಷಯ ಹೇಳಿರಬೇಕು. ಮಳೆ ಬರಲಿಲ್ಲ. ಬಂದದ್ದು ಏನು ಎಂದು ಹೇಳುವುದಕ್ಕೆ ಆ ಮನೆಯವರು ಯಾರೂ ಹೊರಗೆ ಬರಲಿಲ್ಲ. ಕದ ಒಡೆದು ನೋಡಿದವರು ತಾವೇ ಹೊಸ ಬೀಗ ತಂದು ಹಾಕಿ, ಮನೆಗೆ ಹೋಗಿ ಸ್ನಾನ ಮಾಡಿ, ಬಾಯಿ ಮುಚ್ಚಿಕೊಂಡರು.

ಕನ್ನಡದಿಂದ ನಮಗೆ ಈ ತಾಪತ್ರಯ ಇರಲಿಲ್ಲ. ಬಂದೆ ಅಂದರೆ ನಾನು, ಬಂದಳು ಅಂದರೆ ಅವಳು, ಬಂತು ಅಂದರೆ ಅದು. ನಮ್ಮ ಕ್ರಿಯಾಪದ ತಾನು ಯಾರ ಪೈಕಿ ಅನ್ನುವುದನ್ನು ಬಾಲದಲ್ಲೇ ಕಟ್ಟಿಕೊಂಡು ತಿರುಗುತ್ತದೆ. ಇಂಗ್ಲಿಷಿನ ಕೇಮ್‌ಗೆ ಬಾಲವಿಲ್ಲ. ಐ ಆಗಲಿ ಶೀ ಆಗಲಿ ದೇ ಆಗಲಿ, ಎಲ್ಲರ ಮನೆಗೂ ಅದು ಅದೇ ಮುಖ ಹೊತ್ತು ಹೋಗುತ್ತದೆ. ಅದಕ್ಕೇ ನಾವು ಇಂಗ್ಲಿಷ್ ಪದ ಬಾಯಿಗೆ ಬಂದರೆ ಅದಕ್ಕೊಂದು ಆದ, ಆದಳು, ಮಾಡಿದ ಸಿಕ್ಕಿಸಿ ಬಿಡುತ್ತಿದ್ದೆವು. ಫೇಲ್ ಆದ ಅಂದರೆ ಆದವನೊಬ್ಬನೇ ಫೇಲು. ಬರೀ ಫೇಲ್ಡ್ ಅಂದರೆ ಇಡೀ ಕ್ಲಾಸೇ ನಡುಗುತ್ತಿತ್ತು.

ನನಗಿದ್ದವಳು ತಂಗಿ ವಾರಿಜಾ ಒಬ್ಬಳೇ. ಅಮ್ಮ ತೀರಿಕೊಂಡಾಗ ಅವಳು ಇನ್ನೂ ಜಡೆ ಹಾಕಿಕೊಳ್ಳಲು ಬಾರದ ಹುಡುಗಿ. ತಲೆ ಬಾಚಿ, ಬೈದು, ಓದಿಸಿ, ಮದುವೆ ಮಾಡಿದವಳು ನಾನು. ಗಂಡ ಬೋರ್‌ವೆಲ್ ಲಾರಿಯ ಜೊತೆ ಊರೂರು ಅಲೆಯುವವನಾದ್ದರಿಂದ ಹೆರಿಗೆಗೆ ನನ್ನ ಹತ್ತಿರವೇ ಬಂದಿದ್ದಳು. ಹೆರಿಗೆ ಸಲೀಸಾಗಲಿಲ್ಲ. ಹೊಲಿಗೆ ಬಿತ್ತು, ಮೇಲೆ ಜ್ವರ ಏರಿತು. ಹೆಣ್ಣು ಮಗು, ಕೈಗೆ ತೆಗೆದುಕೊಂಡರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ನಾನು ಸ್ಕೂಲಿಗೆ ರಜೆ ಹಾಕಿ ಆಸ್ಪತ್ರೆಯಲ್ಲೇ ಠಿಕಾಣಿ ಹೂಡಿದ್ದೆ.

ಹೆಂಗಸರ ವಾರ್ಡು ಎಂದರೆ ಮೂರು ಮಂಚದ ಒಂದು ಉದ್ದನೆಯ ಕೋಣೆ. ಕಿಟಕಿಯ ಪಕ್ಕದಲ್ಲಿ ವಾರಿಜಾ. ನಡುವಿನ ಮಂಚದಲ್ಲಿ ತೊಡೆಯ ಮೂಳೆ ಮುರಿದುಕೊಂಡು, ಕಾಲಿಗೆ ತೂಕದ ಕಲ್ಲು ಕಟ್ಟಿಸಿಕೊಂಡು ಮಲಗಿದ್ದ ಹೊನ್ನಜ್ಜಿ. ಮೂಲೆಯ ಮಂಚದಲ್ಲಿ ಹೊಟ್ಟೆನೋವಿನ ಭರಮವ್ವ. ಡಾಕ್ಟರ್ ಫಿಲೋಮಿನಾ ಅನ್ನುವ ಸಣ್ಣ ವಯಸ್ಸಿನ ಹೆಂಗಸು ಸಮುದ್ರದ ಕಡೆಯಿಂದ ಹೊಸದಾಗಿ ಬಂದಿದ್ದರು. ಊರಿನ ರೀತಿ ಹೇಳಿದಾಗ ಮೊದಲು ನಕ್ಕಿದ್ದರಂತೆ. ಆದರೂ ಆಸ್ಪತ್ರೆಯ ಹೆಸರು ಕಟ್ಟುವವನಾದ ತಿಪ್ಪೇಶಿ ಬೆನ್ನಿಗೆ ನಿಲ್ಲುವುದಕ್ಕೆ ಬೇಡ ಅಂದಿರಲಿಲ್ಲ.

ಆ ಬೆಳಿಗ್ಗೆ ತಿಪ್ಪೇಶಿ ಕಾಫಿಗೆ ಹೋಗಿದ್ದ. ಡಾಕ್ಟರು ಗಂಡಸರ ವಾರ್ಡಿನ ರೌಂಡ್ಸ್ ಮುಗಿಸಿ, ನಮ್ಮ ಬಾಗಿಲಲ್ಲಿ ನಿಂತು, ಏನೋ ಯೋಚನೆಯಲ್ಲಿ ನರ್ಸಿಗೆ 'ಶೀ ವಿಲ್ ಗೋ ದಿಸ್ ಈವ್ನಿಂಗ್' ಅಂದರು.

ನಾನು ಮಗುವಿನ ಬಟ್ಟೆ ಮಡಚುತ್ತಿದ್ದೆ. ಕೈಯಲ್ಲಿದ್ದದ್ದು ಬಿತ್ತು. "ಯಾರು? ಹೆಸರು ಹೇಳಿ, ಹೆಸರು!" ಎಂದು ಕಿರುಚಿಕೊಂಡು ಎದ್ದೆ. ಡಾಕ್ಟರು ಬೆಚ್ಚಿ ನನ್ನ ಕಡೆ ತಿರುಗಿ ದೊಡ್ಡದಾಗಿ ಉಸಿರು ಎಳೆದುಕೊಂಡರು. ಅಲ್ಲಿಗೆ ಮುಗಿಯಿತು. ಮಾತು ಕೈಬಿಟ್ಟುಹೋಯಿತು. ನರ್ಸು ಟ್ರೇಯನ್ನು ನೆಲದ ಮೇಲಿಟ್ಟು, ಸೆರಗು ಬಿಗಿದುಕೊಂಡು ಹಿಂಬಾಗಿಲಿನಿಂದ ಹೊರಟುಹೋದಳು.

ಗೋ ಅನ್ನುವ ಮಾತಿಗೆ ಯಾಕಷ್ಟು ಹೆದರಬೇಕು ಎಂದು ಬೇರೆಯವರು ಕೇಳಬಹುದು, ಕನ್ನಡದವರು ಕೇಳಲಿಕ್ಕಿಲ್ಲ. ಮನೆಯಿಂದ ಹೊರಡುವಾಗ ನಾವು ಬರ್ತೀನಿ ಅನ್ನುತ್ತೇವೆ, ಹೆಚ್ಚೆಂದರೆ ಹೋಗಿ ಬರ್ತೀನಿ. ಬರೀ ಹೋಗ್ತೀನಿ ಅಂದವರಿಗೆ ದೊಡ್ಡವರ ಕೈಯಿಂದ ತಲೆಯ ಮೇಲೊಂದು ಮೊಟಕು ಬೀಳುತ್ತದೆ. ಹೋದರು ಅಂದರೆ ಹೋಗಿಬಿಟ್ಟರು ಅಂತಲೇ ಅರ್ಥ. ಇಲ್ಲಿ ಶೀ ಹೋಗುತ್ತಾಳೆ ಎಂದು ಆಗಿದೆ, ಸಂಜೆ ಎಂದು ಹೊತ್ತೂ ಗೊತ್ತಾಗಿದೆ, ಬರುವ ಮಾತು ಮಾತ್ರ ಎಲ್ಲೂ ಇಲ್ಲ.

"ನಾನು ಮನೆಗೆ ಹೋಗುದಂತ ಹೇಳಿದ್ದು ಮಾರಾಯ್ರೆ, ಡಿಸ್ಚಾರ್ಜ್!" ಅಂದರು ಡಾಕ್ಟರು.

"ಯಾರು ಅಂತ ಹೇಳಿದ್ರಿ?"

"ಆ ಮೂಲೆಯವರು. ಹೊಟ್ಟೆನೋವಿನವರು."

ಎಲ್ಲರೂ ಮೂಲೆಯ ಮಂಚ ನೋಡಿದೆವು. ದುಪ್ಪಟಿ ಮಡಚಿಟ್ಟಿತ್ತು, ತಲೆದಿಂಬಿನ ಮೇಲೆ ತಟ್ಟೆ ಲೋಟ ಬೋರಲು ಹಾಕಿತ್ತು. ಭರಮವ್ವ ನಸುಕಿನಲ್ಲೇ, ಯಾರಿಗೂ ಹೇಳದೆ, ನೋವು ನಿಂತಿತೆಂದು ಎದ್ದು ಹೋಗಿದ್ದಳು. ಆಗಲೇ ಹೋದವಳಿಗೆ ಸಂಜೆ ಹೋಗುತ್ತಾಳೆ ಅನ್ನುವ ಮಾತು ಹೇಗೆ ಅಂಟುತ್ತದೆ? ಡಾಕ್ಟರು ಆಡಿದ ಶೀಗೆ ಆ ಕೋಣೆಯಲ್ಲಿ ನಾಮಪದವೇ ಇರಲಿಲ್ಲ. ಅದು ಇನ್ನು ಹತ್ತಿರದಲ್ಲೇ ತನಗೊಂದು ಹುಡುಕಿಕೊಳ್ಳಬೇಕು.

ತಿಪ್ಪೇಶಿ ಕಾಫಿ ಲೋಟ ಹಿಡಿದುಕೊಂಡೇ ಓಡಿಬಂದ. ವಿಷಯ ಕೇಳಿ ಅವನ ಮುಖದಲ್ಲಿ ರಕ್ತವಿಲ್ಲದಂತಾಯಿತು. ಕೈಬಿಟ್ಟ ಮಾತನ್ನು ಆಮೇಲೂ ಕಟ್ಟಬಹುದು, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಆಡಿದ ಬಾಯೇ ಅದೇ ಮಾತನ್ನು ಹೆಸರಿಟ್ಟು ಮತ್ತೆ ಆಡಬೇಕು, ಹೆಸರಿನವಳು ಎದುರಿಗೆ ನಿಂತು ಹೂಂ ಅನ್ನಬೇಕು, ಹೊತ್ತು ಮೀರುವುದರೊಳಗೆ ಆಗಬೇಕು. "ಆ ಯಮ್ಮನ್ನ ವಾಪಸ್ ಕರ್ಕೊಂಡ್ ಬತ್ತೀನಿ ಅಕ್ಕಾ. ಬಂದು ಸಂಜೆ ಇನ್ನೊಂದ್ಸಲ ಹೋಗ್ಲಿ," ಎಂದು ತಿಪ್ಪೇಶಿ ಸೈಕಲ್ ಹತ್ತಿದ.

ಅಷ್ಟರಲ್ಲಿ ಸುದ್ದಿ ಆಸ್ಪತ್ರೆಯನ್ನೆಲ್ಲ ಸುತ್ತಿತ್ತು. ಗುಡಿಸುವವಳು ಪೊರಕೆ ಬಿಟ್ಟು ನಡೆದಳು. ಚೀಟಿ ಕೊಡುವ ಹೆಂಗಸು ಕಿಟಕಿ ಹಾಕಿದಳು. ಸಾಲಿನಲ್ಲಿ ಕೂತಿದ್ದ ಬಸುರಿಯರು, ಮುದುಕಿಯರು, ಸೊಂಟನೋವಿನವರು ಎಲ್ಲರೂ ನೋವನ್ನು ಮರೆತು ಗೇಟು ದಾಟಿದರು. ಬೀದಿಯಲ್ಲಿ ಹೆಣ್ಣುಮಕ್ಕಳಿದ್ದವರು ಆಸ್ಪತ್ರೆಯ ಕಡೆಯ ಕಿಟಕಿಗಳನ್ನು ಹಾಕಿಕೊಂಡದ್ದು ಕೇಳಿಸಿತು. ನಾನು ವಾರಿಜಾಳನ್ನು ಎತ್ತಿಕೊಂಡಾದರೂ ಓಡೋಣವೆಂದರೆ ಅವಳಿಗೆ ಹೊಲಿಗೆ ಹಸಿ, ಕೈಯಲ್ಲಿ ಡ್ರಿಪ್ಪು. ಹೊನ್ನಜ್ಜಿಯ ಕಾಲಿಗೆ ಕಲ್ಲು. ಡಾಕ್ಟರಿಗೆ "ನೀವು ಹೊರಟುಬಿಡಿ, ನೀವೂ ಹೆಣ್ಣೇ," ಅಂದೆ.

"ನಾನು ಹೋದ್ರೆ ಇವರ ಡ್ರಿಪ್ಪು ಯಾರು ನೋಡುದು?" ಅಂದರು. ವಾರಿಜಾಳ ನಾಡಿ ಹಿಡಿದುಕೊಂಡೇ ಇದ್ದರು. ಆಗ ನನಗೆ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಒಳಗೆ ಉಳಿದವರು ನಾವು ನಾಲ್ವರು ಹೆಂಗಸರು. ಒಬ್ಬರ ಮುಖ ಒಬ್ಬರು ನೋಡುವುದಕ್ಕೆ ಭಯವಾಗುತ್ತಿತ್ತು. ನೋಡಿದರೆ ನೀನೇನಾ ಎಂದು ಕೇಳಿದಂತಾಗುತ್ತಿತ್ತು. ಹೊನ್ನಜ್ಜಿ ಸ್ವಲ್ಪ ಹೊತ್ತು ಮಣಮಣ ಅಂದುಕೊಂಡು, "ಅಳಬ್ಯಾಡ್ರವ್ವ. ನಾನು ಹೆಂಗೂ ಹಣ್ಣಾದೋಳು. ನನ್ನ ಹೆಸ್ರೇ ಕಟ್ಟಿ, ಹೋಗ್ತೀನಿ," ಅಂದಳು. ನನಗೆ ಕಣ್ಣು ತುಂಬಿ ಬಂತು. ಡಾಕ್ಟರು ಬೇಡ ಬೇಡ ಅಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಬೇಡ ಅನ್ನಲಿಲ್ಲ. ಆದರೆ ಬಿಸಿಲು ಕಿಟಕಿಯಿಂದ ಇಳಿದು ಅವಳ ಮಂಚದ ಕಾಲಿನ ಹತ್ತಿರ ಬರುವಷ್ಟರಲ್ಲಿ ಅಜ್ಜಿಯ ಎರಡು ಕೈಯೂ ಮಂಚದ ಕಂಬಿಯನ್ನು ಹಿಡಿದುಕೊಂಡುಬಿಟ್ಟಿದ್ದವು. "ಬ್ಯಾಡ ಕಣವ್ವಾ. ಆಗ ಏನೋ ಅಂದೆ. ನನ್ನ ಹೆಸ್ರು ಎತ್ತಬ್ಯಾಡ್ರಿ. ನನ್ ಎಮ್ಮೆ ಇನ್ನೇನು ಈಯೋದೈತೆ," ಎಂದು ಚಿಕ್ಕ ಹುಡುಗಿಯ ಹಾಗೆ ಅತ್ತಳು. ಅವಳನ್ನು ದೂರುವುದಕ್ಕೆ ನನಗೇನು ಹಕ್ಕು? ನನ್ನ ಹೆಸರು ನನ್ನ ಬಾಯಿಂದ ಆವರೆಗೂ ಬಂದಿರಲಿಲ್ಲ. ಜೀವದ ಆಸೆ ನನಗೂ ಇತ್ತು.

ಊಟದ ಹೊತ್ತು ಮೀರಿ ತಿಪ್ಪೇಶಿ ಬಂದ. ಅವನೊಬ್ಬನೇ ಬಂದ. ಭರಮವ್ವ ಬೆಳಗಿನ ಬಸ್ಸಿಗೇ ಮಗಳ ಊರಿಗೆ ಹೋಗಿದ್ದಳು. ಅವನು ಬಾಗಿಲ ಹೊರಗೆ ಕುಕ್ಕರುಗಾಲಲ್ಲಿ ಕೂತು ತಲೆ ಕೆರೆದುಕೊಂಡು, "ಡಾಕ್ಟ್ರಮ್ಮಾ, ಇಂಗ್ಲಿಷ್ನಲ್ಲಿ ಹಡಗಿಗೂ ಶೀ ಅಂತಾರಂತಲ್ಲ, ನಿಜವಾ?" ಎಂದು ಕೇಳಿದ.

"ಹೌದು ಹೌದು, ಹಡಗಿಗೆ ಶೀ ಹೇಳ್ತಾರೆ," ಡಾಕ್ಟರ ಮುಖ ಅರಳಿತು. "ಹಡಗು ಉಂಟಾ ಇಲ್ಲಿ?"

"ಹಡಗೆಲ್ಲಿಂದ ತರೋಣ? ಬಟ್ಟೆ ಒಗೆಯೋಕೇ ನೀರಿಲ್ಲ," ಅಂದೆ ನಾನು. "ಬೇರೆ ಯಾವುದಕ್ಕೆ ಶೀ ಅಂತೀರಿ? ಜ್ಞಾಪಿಸಿಕೊಳ್ಳಿ. ಜೀವ ಇರೋದು, ಇಲ್ಲದ್ದು, ಏನಾದ್ರೂ ಸರಿ."

ಡಾಕ್ಟರು ಹಣೆ ಒತ್ತಿಕೊಂಡು ನೆನಪು ಮಾಡಿಕೊಳ್ಳತೊಡಗಿದರು. "ದೇಶಕ್ಕೆ ಕೆಲವರು ಹೇಳ್ತಾರೆ. ಚಂದ್ರನಿಗೆ ಹೇಳುದುಂಟು, ಪದ್ಯದಲ್ಲಿ. ದನಕ್ಕೆ. ಬೆಕ್ಕು ಹೆಣ್ಣಾದ್ರೆ ಅದಕ್ಕೂ. ನಾಯಿಗೂ. ಹೆಣ್ಣಾಗಿ ಹುಟ್ಟಿದ ಎಲ್ಲದಕ್ಕೂ..." ಅಲ್ಲಿಗೆ ಅವರ ಮಾತು ನಿಂತಿತು. ಅವರ ಕಣ್ಣು ತೊಟ್ಟಿಲ ಕಡೆ ಹೋಗಿತ್ತು.

ನಾವು ಹೆಂಗಸರನ್ನೆಲ್ಲ ಎಣಿಸಿದ್ದೆವು. ಊರಿಗೆ ಊರೇ ತನ್ನ ಹೆಂಗಸರನ್ನು ಬಚ್ಚಿಟ್ಟುಕೊಂಡಿತ್ತು. ಮಗುವನ್ನು ಮಾತ್ರ ಯಾರೂ ಎಣಿಸಿರಲಿಲ್ಲ. ಮಗು ನಮಗೆ ಯಾವತ್ತೂ ಅದು. ಮಗು ಅಳ್ತಿದೆ, ಮಗು ಮಲಗಿತು, ಅದಕ್ಕೆ ಹಸಿವು. ಗಂಡಾದರೂ ಅದು, ಹೆಣ್ಣಾದರೂ ಅದು, ನಡೆದು ಮಾತಾಡುವ ತನಕ ಅದು ಅದೇ. ಹುಟ್ಟಿದ ಗಳಿಗೆಯಿಂದಲೇ ಅದನ್ನು ಶೀ ಅನ್ನುವ ಭಾಷೆಯೊಂದಿದೆ ಎನ್ನುವುದು, ಆ ಭಾಷೆಯ ಬೆನ್ನಿಗೆ ವರ್ಷಗಟ್ಟಲೆ ನಿಂತ ನನಗೇ ಹೊಳೆದಿರಲಿಲ್ಲ. ಆಗಲೇ ಇನ್ನೊಂದೂ ಹೊಳೆಯಿತು. ಮಗು ಬೆಳಗಿನಿಂದ ಅತ್ತಿರಲಿಲ್ಲ.

ತೊಟ್ಟಿಲಿಗೆ ಓಡಿದೆ. ಮಗುವಿನ ಪಾದ ಮುಟ್ಟಿದರೆ ಕೊಡದ ನೀರಿನಷ್ಟು ತಣ್ಣಗಿತ್ತು. ತುಟಿ ನೀಲಿಯ ಕಡೆಗೆ ತಿರುಗುತ್ತಿತ್ತು. ಡಾಕ್ಟರು ಅದನ್ನು ಎತ್ತಿಕೊಂಡು ಬೆನ್ನು ಉಜ್ಜಿದರು, ಪಾದ ತಟ್ಟಿದರು, ಎದೆಗೆ ಕಿವಿಯಿಟ್ಟರು. ನಾನು ಮೈಯೆಲ್ಲ ಕಿವಿಯಾಗಿ ನಿಂತೆ. "ಉಸಿರುಂಟು," ಅಂದರು, "ಆದ್ರೆ ಇಳೀತಾ ಉಂಟು." ವಾರಿಜಾ ಮಂಚದಿಂದ ಏಳುವುದಕ್ಕೆ ಹೋಗಿ ಡ್ರಿಪ್ಪಿನ ಸೂಜಿಯನ್ನೇ ಕಿತ್ತುಕೊಂಡಳು. "ಅಕ್ಕಾ, ನನ್ನ ಹೆಸರು ಕಟ್ಟು! ಡಾಕ್ಟ್ರೇ, ವಾರಿಜಾ ಅನ್ನಿ, ವಾರಿಜಾ ಅಂತ ಹೇಳಿ!" ಎಂದು ಕೂಗಿಕೊಂಡಳು. ನಾನು ಅವಳ ಬಾಯಿ ಮುಚ್ಚಿದೆ. ನನ್ನ ಜೀವಮಾನದಲ್ಲಿ ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ. ಕಿಟಕಿಯ ಬಿಸಿಲು ನೆಲ ಬಿಟ್ಟು ಗೋಡೆ ಹತ್ತುತ್ತಿತ್ತು. ಸಂಜೆ ಅಂದರೆ ಎಷ್ಟು ಹೊತ್ತಿಗೆ ಎಂದು ಆ ಹಾಳು ಮಾತಿನಲ್ಲಿ ಇರಲಿಲ್ಲ.

ಭಯ ಅಷ್ಟಾದ ಮೇಲೆ ತಲೆ ಯಾಕೋ ತಿಳಿಯಾಯಿತು. ಹಡಗಿಗಾಗಲಿ ದನಕ್ಕಾಗಲಿ ಹೂಂ ಅನ್ನುವ ಬಾಯಿಲ್ಲ. ಮಾತು ಬಂದಿರುವುದು ಇಂಗ್ಲಿಷಿನಲ್ಲಿ. ಹೋದರು ಅಂದರೆ ಸತ್ತರು ಅನ್ನುವುದು ನಮ್ಮ ಕನ್ನಡದ ಭಯ. ಗೋ ಅಂದರೆ ಹೋಗುವುದು, ಕಾಲಿದ್ದವರು ನಡೆದು ಹೋಗಬಹುದು. ಹಿಂದೆ ಯಾರೋ ಹೀ ವೆಂಟ್ ಅಂದದ್ದಕ್ಕೆ ಕ್ಷೌರದಂಗಡಿಯ ಮುನಿಶಾಮಿ ಟವೆಲು ಹೆಗಲಿಗೆ ಹಾಕಿಕೊಂಡು, ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಬಿಟ್ಟು, ಎದ್ದು ಹೋಗಿದ್ದ. ಸತ್ತನೆಂದು ಯಾರೂ ಹೇಳಲಿಲ್ಲ, ಆದರೆ ಅವನು ವಾಪಸೂ ಬರಲಿಲ್ಲ. ನಡೆಯಲಾರದ ಮಗುವಿಗೆ, ಹೊಲಿಗೆಯ ಬಾಣಂತಿಗೆ, ಕಾಲು ಮುರಿದ ಅಜ್ಜಿಗೆ ಹೋಗುವುದಕ್ಕೆ ಇರುವುದು ಒಂದೇ ದಾರಿ. ನಡೆದು ಹೋಗಬಲ್ಲವರು ಆ ಕೋಣೆಯಲ್ಲಿ ಇಬ್ಬರೇ ಇದ್ದೆವು.

"ಡಾಕ್ಟ್ರೇ, ನನ್ನ ಹೆಸರಿಟ್ಟು ಹೇಳಿ," ಅಂದೆ. "ಸಂಜೆ ಬಸ್ಸಿಗೆ ನಾನು ಹೋಗ್ತೀನಿ."

ಡಾಕ್ಟರು ತಲೆ ಅಲ್ಲಾಡಿಸಿದರು. "ಮಾತು ನನ್ನದು. ಹೋಗುದಾದ್ರೆ ನಾನು ಹೋಗ್ಬೇಕು."

"ನೀವು ಹೋದ್ರೆ ಈ ಮಗು ಯಾರ ಕೈಯಲ್ಲಿ ಉಳಿಯುತ್ತೆ? ನನಗೆ ಹೆಸರು ಕಟ್ಟೋದು ಬಿಟ್ಟು ಇನ್ನೇನೂ ಬರೋದಿಲ್ಲ."

"ದಾರಿಯಲ್ಲೇ ನಿಮಗೇನಾದ್ರೂ ಆದ್ರೆ? ಗೋ ಅಂದ್ರೆ ಬರೀ ಹೋಗುದೇ ಅಂತ ನಿಮಗೆ ಗ್ಯಾರಂಟಿ ಉಂಟಾ?"

"ಇಲ್ಲ," ಅಂದೆ. ನಿಜಕ್ಕೂ ಇರಲಿಲ್ಲ.

ಆ ಹೆಣ್ಣುಮಗಳು ಒಳ್ಳೆಯವರು. ಕಣ್ಣೊರೆಸಿಕೊಂಡು, "ಆಯ್ತು. ಹೇಳ್ತೇನೆ. ಆದ್ರೆ ಹಿಂದೆಯೇ ವಾಪಸ್ ಬರುದೂ ಹೇಳ್ತೇನೆ. ಕುಮುದಾ ವಿಲ್ ಕಮ್ ಬ್ಯಾಕ್, ಹಾಗೆ," ಅಂದರು. ನಾನು ಅವರಿಗೆ ಬಿಡಿಸಿ ಹೇಳಬೇಕಾಯಿತು. ನೆಟ್ಟಗೆ ಹೆಸರಿಟ್ಟು ಆಡಿದ ಮಾತಿಗೆ ನಮ್ಮೂರಿನಲ್ಲಿ ಯಾವ ಶಕ್ತಿಯೂ ಇಲ್ಲ, ಅದು ಬರೀ ಮಾತು. ಕೈಬಿಟ್ಟ ಮಾತಿಗೆ ಮಾತ್ರ ಕೈಕಾಲು ಬರುವುದು. "ಹಾಗಾದ್ರೆ ಕೈಬಿಟ್ಟೇ ಹೇಳುವ. ಶೀ ವಿಲ್..." ಎಂದು ಅವರು ಶುರು ಮಾಡಿದ್ದೇ ತಡ, ಹೊನ್ನಜ್ಜಿ ಮಂಚದಿಂದ ಚೀರಿದಳು. "ಬ್ಯಾಡ ತಾಯೀ! ಯಾರು ಬತ್ತಾರೋ ಏನೋ. ನಮ್ಮತ್ತೆ ಗಿತ್ತೆ ಎದ್ದು ಬಂದ್ರೆ ಏನ್ ಗತಿ! ಒಂದ್ಸಲ ಬಾಳಾಟ ಮಾಡಿದ್ದೇ ಸಾಕು ನಂಗೆ!" ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ನಕ್ಕದ್ದಕ್ಕೋ ಏನೋ, ಅಳುವೂ ಅದರ ಹಿಂದೆಯೇ ಬಂತು.

ತಿಪ್ಪೇಶಿ ಬಾಗಿಲಲ್ಲಿ ಎದ್ದು ನಿಂತ. ಡಾಕ್ಟರು ಮಗುವನ್ನು ಎದೆಗವಚಿಕೊಂಡೇ ನನ್ನ ಎದುರಿಗೆ ಬಂದು, ಒಂದೊಂದೇ ಪದ ಇಳಿಸಿದರು. 'ಕುಮುದಾ ವಿಲ್ ಗೋ ದಿಸ್ ಈವ್ನಿಂಗ್.' ನಾನು ಹೂಂ ಅಂದೆ. ಎದೆಯ ಮೇಲೆ ಯಾರೋ ಅಂಗೈ ಇಟ್ಟು ಮೆಲ್ಲಗೆ ತಳ್ಳಿದ ಹಾಗಾಯಿತು. ಹಿಂದಕ್ಕೆ, ಬಾಗಿಲ ಕಡೆಗೆ. ಕಾಲುಗಳು ನನ್ನನ್ನು ಕೇಳದೆಯೇ ಒಂದು ಹೆಜ್ಜೆ ಇಟ್ಟವು. ಸತ್ತಿಲ್ಲ ಎಂದು ತಿಳಿಯುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಡಾಕ್ಟರ ಕೈಯಲ್ಲಿದ್ದ ಮಗು ಮುಖ ಕೆಂಪು ಮಾಡಿಕೊಂಡು, ಬೆಳಗಿನಿಂದ ಬಾಕಿಯಿದ್ದದ್ದನ್ನೆಲ್ಲ ಸೇರಿಸಿ, ವಾರ್ಡು ಹಾರಿಹೋಗುವ ಹಾಗೆ ಅತ್ತಿತು. ಅದಕ್ಕಿಂತ ಒಳ್ಳೆಯ ಸದ್ದನ್ನು ನಾನು ಈವರೆಗೂ ಕೇಳಿಲ್ಲ.

ಮಗುವನ್ನು ವಾರಿಜಾಳ ಮಡಿಲಿಗೆ ಹಾಕಿದರು. ಹಾಲಿಗೆ ಬಾಯಿ ಹಾಕಿತು. ನಾನು ಅದರ ಪಾದ ಹಿಡಿದು ನೋಡಿದೆ, ಬೆಚ್ಚಗಾಗುತ್ತಿತ್ತು. ವಾರಿಜಾ ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದು ಕೈಯಲ್ಲಿ ನನ್ನ ಸೆರಗನ್ನೂ ಹಿಡಿದುಕೊಂಡಿದ್ದಳು. ಹುಡುಗಿಯಾಗಿದ್ದಾಗ ಸ್ಕೂಲಿನ ಗೇಟಿನಲ್ಲಿ ಹಿಡಿದುಕೊಳ್ಳುತ್ತಿದ್ದ ಹಾಗೆಯೇ.

"ಬರ್ತೀನಿ ಅನ್ನು ಅಕ್ಕಾ. ಸುಳ್ಳಾದ್ರೂ ಪರವಾಗಿಲ್ಲ, ಒಂದ್ಸಲ ಅನ್ನು."

ಅನ್ನಬಹುದಿತ್ತು. ಕನ್ನಡದ ಮಾತು, ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಕಟ್ಟಿದ ಗಂಟು ಇನ್ನೂ ಹಸಿ. ಬರುವ ಆಸೆಯನ್ನು ನಾನು ಬಾಯಿಬಿಟ್ಟು ಹೇಳಿ, ಅದರಿಂದ ಗಂಟು ಎಳೆಯಷ್ಟು ಸಡಿಲವಾದರೂ ಆ ಶೀ ಮತ್ತೆ ತೊಟ್ಟಿಲಿನ ಕಡೆ ತಿರುಗಿದರೆ? "ಹೋಗ್ತೀನಿ ಕಣೇ," ಅಂದೆ. ಹುಟ್ಟಿದಾಗಿನಿಂದ ಆ ಮಾತನ್ನು ಬಾಯಲ್ಲಿ ಆಡಿದ್ದು ಆ ದಿನವೇ ಮೊದಲು. ಹೊನ್ನಜ್ಜಿ ಮುಖಕ್ಕೆ ಸೆರಗು ಹಾಕಿಕೊಂಡಳು.

ವಾರಿಜಾ ಅಳು ನುಂಗಿಕೊಂಡು, ಮಗುವಿನ ತಲೆ ಸವರುತ್ತಾ, "ಇದಕ್ಕೆ ಹೆಸರು ಏನು ಅಂತ ಅಂದ್ಕೊಂಡಿದೀನಿ ಗೊತ್ತಾ? ಅದನ್ನಾದ್ರೂ ಕೇಳಿಕೊಂಡು ಹೋಗು," ಎಂದು ಬಾಯಿ ತೆರೆದಳು. ನಾನು ಎರಡನೆಯ ಸಲ ಅವಳ ಬಾಯಿ ಮುಚ್ಚಿದೆ. "ಬೇಡ. ನಾನು ಊರ ಗಡಿ ದಾಟೋವರೆಗೂ ಇನ್ನೊಂದು ಹೆಣ್ಣಿನ ಹೆಸರು ಈ ಕೋಣೆಯಲ್ಲಿ ಬರಬಾರದು," ಅಂದೆ. ನನ್ನ ಅಂಗೈಯೊಳಗೆ ಅವಳ ತುಟಿ ಅಲ್ಲಾಡಿತು. ಆಮೇಲೆ ಸುಮ್ಮನಾಯಿತು. ನಾನು ಮಗುವಿನ ನೆತ್ತಿ ಮೂಸಿ ಎದ್ದೆ.

ಉಟ್ಟ ಸೀರೆಯಲ್ಲಿ ಬಸ್ ಸ್ಟ್ಯಾಂಡಿಗೆ ನಡೆದೆ. ತಿಪ್ಪೇಶಿ ಸೈಕಲ್ ತಳ್ಳಿಕೊಂಡು ಹಿಂದೆಯೇ ಬಂದ. ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಯಾರನ್ನೂ ತಲೆಯೆತ್ತಿ ನೋಡಲಿಲ್ಲ. ನೋಡಿದ್ದರೆ ಒಬ್ಬೊಬ್ಬರ ಹೆಸರೂ ನನ್ನ ನಾಲಿಗೆಗೆ ಬರುತ್ತಿತ್ತು. ಬಸ್ಸು ಊರ ಗಡಿಯ ಕಲ್ಲು ದಾಟಿದಾಗ ನನ್ನ ಎದೆಯ ಮೇಲಿನ ಅಂಗೈ ಹೋಯಿತು. ನನಗೆ ಏನೂ ಆಗಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಡಲೆಕಾಯಿ ಬಿಡಿಸುತ್ತಿದ್ದಳು, ನನಗೂ ಒಂದಿಷ್ಟು ಕೊಟ್ಟಳು.

ಈಗ ನಾನಿರುವುದು ದೊಡ್ಡ ಊರಿನಲ್ಲಿ, ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ. ಇಲ್ಲಿನ ಹುಡುಗಿಯರು ದಿನವಿಡೀ ಹೀ ಅನ್ನುತ್ತಾರೆ, ಶೀ ಅನ್ನುತ್ತಾರೆ, ದೇ ಅನ್ನುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ. ಆದರೂ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಥಟ್ಟನೆ ನಿಂತು, ಯಾರು ಎಂದು ಕೇಳಿಬಿಡುತ್ತೇನೆ. ಅವರು ನಗುತ್ತಾರೆ. ಮೊದಮೊದಲು ಬಸ್ ಸ್ಟ್ಯಾಂಡುಗಳಿಗೆ ಹೋಗಿ ನಮ್ಮೂರಿನ ಬಸ್ಸು ಯಾವುದು ಎಂದು ವಿಚಾರಿಸುತ್ತಿದ್ದೆ. ಕಂಡಕ್ಟರುಗಳು ಅಂಥ ಊರೇ ಇಲ್ಲ ಅಂದರು. ಬಂದ ದಾರಿಯಲ್ಲೇ ವಾಪಸ್ ನಡೆದು ನೋಡಿದೆ. ದಾರಿ ಬೇರೆ ಯಾವುದೋ ಊರಿಗೆ ಹೋಗಿ ನಿಂತಿತು. ಗೋ ಅನ್ನುವ ಮಾತು ಅಷ್ಟು ಗಟ್ಟಿ.

ಹಾಸ್ಟೆಲಿಗೆ ಹೊಸ ಹುಡುಗಿಯರು ಬಂದಾಗ, "ನಿಮಗೆ ಯಾರೂ ಇಲ್ವಾ ಆಂಟಿ?" ಎಂದು ಕೇಳುತ್ತಾರೆ. ತಂಗಿ ಇದ್ದಾಳೆ, ತಂಗಿಗೆ ಮಗಳಿದ್ದಾಳೆ ಅನ್ನುತ್ತೇನೆ. ಅವಳೂ ಈಗ ನಿಮ್ಮಷ್ಟೇ ಆಗಿರಬೇಕು, ಜಡೆ ಹಾಕಿಕೊಳ್ಳುವುದಕ್ಕೆ ಬರುತ್ತದೋ ಏನೋ, ಅವಳು ಜೋರಾಗಿ ಅಳುತ್ತಿದ್ದಳು, ಗಂಟಲು ಚೆನ್ನಾಗಿದೆ, ಎಂದೆಲ್ಲ ಹೇಳುತ್ತೇನೆ. ಹುಡುಗಿಯರು ಕೇಳಿಸಿಕೊಂಡು, ಹೆಸರೇನು ಎಂದು ಕೇಳುತ್ತಾರೆ. ನಾನು ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸುತ್ತೇನೆ. ಅವಳು ಅಂದ್ರೆ ಯಾರು ಆಂಟಿ ಎಂದು ಮತ್ತೆ ಕೇಳುತ್ತಾರೆ. ಅವಳು ಅಂದರೆ ಅವಳೇ, ಅನ್ನುತ್ತೇನೆ.